ತನ್ನ ಭಾರವನ್ನು ತಾನೇ ಹೊತ್ತ ಕಾಯಗಳು

ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವಣ ಅಂತರ ಹೆಚ್ಚಿನದಲ್ಲ. ನೂಲು ಹಿಡಿದಂತೆ ನೇರವಾಗಿ ಅಳೆದರೆ ಇಪ್ಪತ್ತು ಕಿಲೋಮೀಟರಿಗಿಂತ ತುಸು ಹೆಚ್ಚಾದೀತು. ಚಾಳುಕ್ಯರ ರಾಜಧಾನಿಯಾಗಿ, ಬಸವಣ್ಣನವರ ಕರ್ಮಭೂಮಿಯಾಗಿ ಹೆಸರಾದ ಕಲ್ಯಾಣದಿಂದ ಬೆಳಗ್ಗೆ ಹೊರಟ ವಿದ್ಯಾರ್ಥಿಯು ಗಂಟೆಯೊಳಗೆ ಹುಮನಾಬಾದಿನ ಕಾಲೇಜನ್ನು ಸೇರಬಲ್ಲನು. ಈಗ ಒಂದು ಗೋಳವನ್ನು ಕಲ್ಪಿಸಿಕೊಳ್ಳಿರಿ. ಅದರ ಒಂದು ಅಂಚು ಕಲ್ಯಾಣದ ಕೋಟೆಯನ್ನೂ ಇನ್ನೊಂದು ಅಂಚು ಹುಮನಾಬಾದಿನ ವೀರಭದ್ರೇಶ್ವರ ದೇವಾಲಯವನ್ನೂ ಮುಟ್ಟುತ್ತಿರಲಿ. ಆ ಗೋಳದೊಳಗೆ ನಮ್ಮ ಸೂರ್ಯನಿಗಿಂತ ಒಂದೂವರೆಯಷ್ಟು ಹೆಚ್ಚಿನ ದ್ರವ್ಯವು ತುಂಬಿರಲಿ. ಅಲ್ಲಿಯ ದ್ರವ್ಯದಲ್ಲಿ ಒಂದು ತೊಗರಿ ಕಾಳಿನಷ್ಟನ್ನು ತೂಗುವುದು ಸಾಧ್ಯವಾದರೆ ಅದು ಕೆಲವು ಕೋಟಿ ಟನ್ನುಗಳಷ್ಟಾಗುವುದು.

ಇದು ಕಟ್ಟುಕಥೆಯಲ್ಲ. ಇಂಥ ಕಾಯಗಳು ಆಕಾಶದಲ್ಲಿವೆ; ಅವುಗಳಿಗೆ ನ್ಯೂಟ್ರಾನ್ ನಕ್ಷತ್ರಗಳೆಂದು ಹೆಸರು. ಅವುಗಳನ್ನು ಹೊರಗಿನಿಂದ ಯಾರೂ ಒತ್ತಿ ಹಿಡಿದಿಲ್ಲ. ತಮ್ಮ ಗುರುತ್ವದಿಂದಲೇ ತಾವು ಕಟ್ಟಿಕೊಂಡು ನಿಂತಿವೆ. ಹೀಗೆ ನಿಲ್ಲಲು ಎಷ್ಟು ದ್ರವ್ಯರಾಶಿಯವರೆಗೆ ಸಾಧ್ಯ? ಆ ಮಿತಿಯನ್ನು ಗೊತ್ತುಮಾಡುವ ಗುರುತ್ವ ನಿಯಮವು ನಾವು ಪಾಠಪುಸ್ತಕದಲ್ಲಿ ಓದುವ ನಿಯಮವೇ, ಅಥವಾ ಅದಕ್ಕೆ ಸ್ವಲ್ಪ ತಿದ್ದುಪಡಿ ಬೇಕೆ? ಈ ಪ್ರಶ್ನೆಯನ್ನು ಎತ್ತಿಕೊಂಡು ನಡೆದ ಒಂದು ಮುಖ್ಯವಾದ ವಿಚಾರಣೆ ನಮ್ಮ ಬೆಂಗಳೂರಿನಲ್ಲಿಯೇ ನಡೆದಿದೆ. ಅದನ್ನು ಅರಿಯಲು ಪ್ರೌಢಶಾಲೆಯ ಭೌತವಿಜ್ಞಾನವೂ ಸ್ವಲ್ಪ ತಾಳ್ಮೆಯೂ ಇದ್ದರೆ ಸಾಕು.

ಬದ್ಧ ಸ್ಥಿತಿ ಎಂದರೇನು?

ಕಲ್ಯಾಣದ ಕೋಟೆಯ ಗೋಡೆಯಲ್ಲಿ ಕಲ್ಲಿನ ಮೇಲೆ ಕಲ್ಲು ಕುಳಿತಿದೆ. ಅದನ್ನು ಕೆಳಕ್ಕೆ ಒತ್ತಿ ಹಿಡಿದಿರುವುದು ಭೂಮಿಯ ಸೆಳೆತ; ಕಲ್ಲಿನ ಕಣಗಳನ್ನು ಒಂದಕ್ಕೊಂದು ಅಂಟಿಸಿರುವುದು ವಿದ್ಯುದ್ಬಲ. ಕಲ್ಲು ಕಲ್ಲನ್ನು ಗುರುತ್ವದಿಂದ ಸೆಳೆಯುತ್ತದೆಯಾದರೂ ಆ ಸೆಳೆತ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಆದರೆ ದ್ರವ್ಯವು ಬೆಳೆಬೆಳೆಯುತ್ತ ಹೋದಂತೆ ಸ್ಥಿತಿ ಬದಲಾಗುತ್ತದೆ. ಭೂಮಿಯಷ್ಟು ದೊಡ್ಡ ರಾಶಿಯಾದಾಗ ಅದು ತನ್ನ ಸೆಳೆತದಿಂದಲೇ ಗುಂಡಗಾಗುತ್ತದೆ. ಸೂರ್ಯನಷ್ಟಾದಾಗ ಆ ಸೆಳೆತವೊಂದೇ ಅದರ ಅನಿಲವನ್ನೆಲ್ಲ ಚದುರದಂತೆ ಹಿಡಿದಿಟ್ಟಿರುತ್ತದೆ. ಇಂಥ ಕಾಯವನ್ನು ಬಿಡಿಬಿಡಿಯಾಗಿ ಕಿತ್ತು ದೂರಕ್ಕೆ ಒಯ್ಯಬೇಕಾದರೆ ಹೊರಗಿನಿಂದ ಶಕ್ತಿಯನ್ನು ಕೊಡಬೇಕು. ಹಾಗೆ ಕೊಡಬೇಕಾಗಿರುವ ಸ್ಥಿತಿಯನ್ನೇ ಬದ್ಧ ಸ್ಥಿತಿ ಎನ್ನುವರು.

ಕಾಯವು ಎಷ್ಟು ಬಿಗಿಯಾಗಿ ಬದ್ಧವಾಗಿದೆ ಎಂಬುದನ್ನು ಅದರ ಮೇಲ್ಮೈಯಿಂದ ತಪ್ಪಿಸಿಕೊಂಡು ಹೋಗಲು ಬೇಕಾದ ವೇಗವೇ ತಿಳಿಸುತ್ತದೆ. ಭೂಮಿಯಿಂದ ಪಾರಾಗಲು ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಸಾಕು. ಸೂರ್ಯನಿಂದ ಪಾರಾಗಲು ಸುಮಾರು 618 ಕಿಲೋಮೀಟರ್ ಬೇಕು. ಚಳಿಗಾಲದ ರಾತ್ರಿ ಥಳಥಳಿಸುವ ಲುಬ್ಧಕ ನಕ್ಷತ್ರಕ್ಕೆ ಒಬ್ಬ ಕಿರಿಯ ಸಂಗಾತಿಯಿದೆ. ಅದು ಶ್ವೇತಕುಬ್ಜ ಜಾತಿಯ ನಕ್ಷತ್ರ. ದ್ರವ್ಯರಾಶಿಯಲ್ಲಿ ಸೂರ್ಯನ ಸಮ, ಗಾತ್ರದಲ್ಲಿ ಭೂಮಿಗಿಂತಲೂ ಸ್ವಲ್ಪ ಚಿಕ್ಕದು. ಅದರಿಂದ ಪಾರಾಗಲು ಸೆಕೆಂಡಿಗೆ ಆರೇಳು ಸಾವಿರ ಕಿಲೋಮೀಟರ್ ವೇಗ ಬೇಕು. ನ್ಯೂಟ್ರಾನ್ ನಕ್ಷತ್ರದಲ್ಲಾದರೋ ಈ ವೇಗವು ಬೆಳಕಿನ ವೇಗದ ಅರ್ಧವನ್ನೂ ಮೀರುತ್ತದೆ. ಅದು ಬೆಳಕಿನ ವೇಗವನ್ನೇ ಮುಟ್ಟಿತೆಂದರೆ ಆ ಕಾಯವೇ ಕಪ್ಪುಕುಳಿ.

ಈ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿ, ಎಂದರೆ ಭೂಮಿ ಮತ್ತು ಸೌರವ್ಯೂಹದಲ್ಲಿ, ಗುರುತ್ವ ನಿಯಮವನ್ನು ನಾವು ಬಹು ಸೂಕ್ಷ್ಮವಾಗಿ ಪರೀಕ್ಷಿಸಿದ್ದೇವೆ. ಮೇಲಿನ ಮೆಟ್ಟಿಲುಗಳಲ್ಲಿ ಅಷ್ಟು ಪರೀಕ್ಷೆ ನಡೆದಿಲ್ಲ. ನಮ್ಮ ಊರಿನ ಕೆರೆಯ ಆಳವನ್ನು ಅಳೆದವನು ಸಮುದ್ರವೂ ಅಷ್ಟೇ ಆಳವೆಂದು ಹೇಳಲಾರನಷ್ಟೆ.

ಚಂದ್ರಶೇಖರರ ಮಿತಿ

ಸೂರ್ಯನನ್ನು ಕುಸಿಯದಂತೆ ತಡೆದಿರುವುದು ಅದರೊಳಗಿನ ಬಿಸಿ ಅನಿಲದ ಒತ್ತಡ. ಉರುವಲು ತೀರಿದ ಮೇಲೆ ಈ ಶಾಖ ಉಳಿಯದು. ಆಗ ನಕ್ಷತ್ರದ ತಿರುಳು ಕುಗ್ಗುತ್ತ ಹೋಗಿ ಎಲೆಕ್ಟ್ರಾನುಗಳು ಒತ್ತೊತ್ತಾಗಿ ಕೂಡುತ್ತವೆ. ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನುಗಳು ಇರಲಾರವೆಂಬುದು ಪೌಲಿಯ ನಿಯಮ. ಆದುದರಿಂದ ಒಂದೊಂದು ಎಲೆಕ್ಟ್ರಾನಿಗೂ ದೊರೆಯುವ ಎಡೆ ಕಿರಿದಾದಷ್ಟೂ ಅದರ ಸಂವೇಗ ಹೆಚ್ಚುತ್ತದೆ. ಈ ಚಲನೆಯಿಂದ ಹುಟ್ಟುವ ಒತ್ತಡಕ್ಕೆ ಶಾಖದ ಹಂಗಿಲ್ಲ. ನಕ್ಷತ್ರ ಪೂರ್ತಿ ತಣ್ಣಗಾದರೂ ಅದು ಇದ್ದೇ ಇರುತ್ತದೆ. ಶ್ವೇತಕುಬ್ಜವನ್ನು ಎತ್ತಿ ನಿಲ್ಲಿಸಿರುವುದು ಇದೇ.

ಈಗ ಒಂದು ಸಣ್ಣ ಲೆಕ್ಕ. ನಕ್ಷತ್ರದ ತ್ರಿಜ್ಯವು ಅರ್ಧಕ್ಕೆ ಇಳಿಯಿತೆನ್ನೋಣ. ಗುರುತ್ವದ ಬಂಧನಶಕ್ತಿಯು ತ್ರಿಜ್ಯಕ್ಕೆ ವಿಲೋಮವಾಗಿರುವುದರಿಂದ ಅದು ಎರಡರಷ್ಟಾಗುತ್ತದೆ. ಎಲೆಕ್ಟ್ರಾನಿನ ಸಂವೇಗವೂ ಎರಡರಷ್ಟಾಗುತ್ತದೆ. ನಿಧಾನವಾಗಿ ಚಲಿಸುವ ಕಣದ ಶಕ್ತಿಯು ಸಂವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಎಲೆಕ್ಟ್ರಾನುಗಳ ಶಕ್ತಿ ನಾಲ್ಕರಷ್ಟಾಗುತ್ತದೆ. ಎಂದಮೇಲೆ ಕುಗ್ಗಿದಷ್ಟೂ ಒತ್ತಡದ ಕೈ ಮೇಲಾಗುವುದು. ಎಲ್ಲಿಯೋ ಒಂದು ಕಡೆ ಎರಡೂ ಸರಿತೂಗಿ ನಕ್ಷತ್ರ ನಿಲ್ಲುವುದು.

ಆದರೆ ದ್ರವ್ಯರಾಶಿ ಹೆಚ್ಚಿದಂತೆ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗವನ್ನು ಸಮೀಪಿಸುತ್ತದೆ. ಆಗ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಶಕ್ತಿಯು ಸಂವೇಗದ ವರ್ಗಕ್ಕಲ್ಲ, ಸಂವೇಗಕ್ಕೆ ಮಾತ್ರ ಅನುಪಾತದಲ್ಲಿರುತ್ತದೆ. ತ್ರಿಜ್ಯ ಅರ್ಧವಾದರೆ ಗುರುತ್ವವೂ ಎರಡರಷ್ಟು, ಎಲೆಕ್ಟ್ರಾನುಗಳ ಶಕ್ತಿಯೂ ಎರಡರಷ್ಟು. ಎಷ್ಟು ಕುಗ್ಗಿದರೂ ಇಬ್ಬರ ಬಲಾಬಲದಲ್ಲಿ ವ್ಯತ್ಯಾಸವಾಗದು. ಗೆಲುವನ್ನು ಗೊತ್ತುಮಾಡುವುದು ಇನ್ನು ಕಣಗಳ ಸಂಖ್ಯೆಯೊಂದೇ. ಒಂದು ಎಲೆಕ್ಟ್ರಾನಿನ ಪಾಲಿಗೆ ಬರುವ ಚಲನಶಕ್ತಿ ಸಂಖ್ಯೆಯ ಘನಮೂಲದಂತೆ ಬೆಳೆಯುತ್ತದೆ. ಗುರುತ್ವಶಕ್ತಿಯಾದರೋ ಸಂಖ್ಯೆಯಂತೆಯೇ ಬೆಳೆಯುತ್ತದೆ. ಆದುದರಿಂದ ಒಂದು ಸಂಖ್ಯೆಯನ್ನು ದಾಟಿದೊಡನೆ ಗುರುತ್ವವೇ ಗೆಲ್ಲುವುದು, ನಕ್ಷತ್ರ ಕುಸಿಯುವುದು.

ಆ ಸಂಖ್ಯೆ ಎಷ್ಟು? ಪ್ಲಾಂಕರ ಪರಿಷ್ಕೃತ ಸ್ಥಿರಾಂಕವನ್ನು ಬೆಳಕಿನ ವೇಗದಿಂದ ಗುಣಿಸಿ, ಬಂದುದನ್ನು ಗುರುತ್ವ ಸ್ಥಿರಾಂಕ ಮತ್ತು ಪ್ರೋಟಾನಿನ ದ್ರವ್ಯರಾಶಿಯ ವರ್ಗ ಇವುಗಳ ಗುಣಲಬ್ಧದಿಂದ ಭಾಗಿಸಿರಿ. ಸುಮಾರು 1.7 × 10³⁸ ಎಂಬ ಶುದ್ಧ ಸಂಖ್ಯೆ ಬರುತ್ತದೆ. ಅದನ್ನು ಒಂದೂವರೆಯ ಘಾತಕ್ಕೆ ಏರಿಸಿದರೆ 2.2 × 10⁵⁷. ಇಷ್ಟು ಪ್ರೋಟಾನುಗಳ ತೂಕ ಸೂರ್ಯನ ಎರಡರಷ್ಟಕ್ಕೆ ಸ್ವಲ್ಪ ಕಡಿಮೆ. ನಮ್ಮ ಲೆಕ್ಕ ಒರಟಾದುದು. ನಕ್ಷತ್ರದ ರಚನೆಯನ್ನೂ ಪರಮಾಣುಗಳ ಬಗೆಯನ್ನೂ ಸರಿಯಾಗಿ ಹಿಡಿದರೆ ಮಿತಿಯು ಸೂರ್ಯನ 1.4ರಷ್ಟಕ್ಕೆ ಬರುತ್ತದೆ. 1930ರಲ್ಲಿ, ಇನ್ನೂ ಹತ್ತೊಂಬತ್ತು ವರ್ಷದ ಎಸ್. ಚಂದ್ರಶೇಖರರು ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿದ್ದಾಗ ಈ ವಿಚಾರವನ್ನು ಕೈಗೆತ್ತಿಕೊಂಡರು. 1935ರಲ್ಲಿ ಎಡಿಂಗ್ಟನ್‌ರಂಥ ಹಿರಿಯರು ಇದನ್ನು ಬಹಿರಂಗವಾಗಿ ಅಲ್ಲಗಳೆದರು. ಚಂದ್ರಶೇಖರರಿಗೆ ನೊಬೆಲ್ ಪಾರಿತೋಷಕ ದೊರೆತುದು 1983ರಲ್ಲಿ.

ವಿದ್ಯಾರ್ಥಿಗಳು ಇಲ್ಲಿ ಒಂದಂಶವನ್ನು ಗಟ್ಟಿಯಾಗಿ ನೆನಪಿನಲ್ಲಿಡಬೇಕು. ಮಿತಿಯ ಸೂತ್ರದಲ್ಲಿ ಗುರುತ್ವ ಸ್ಥಿರಾಂಕವು ಛೇದದಲ್ಲಿದೆ, ಅದೂ ಒಂದೂವರೆಯ ಘಾತದಲ್ಲಿದೆ. ನಕ್ಷತ್ರದ ಒಡಲಿನಲ್ಲಿ ಸೆಳೆತವು ನಾವು ಎಣಿಸಿದುದಕ್ಕಿಂತ ಕಡಿಮೆಯಿದ್ದರೆ ಮಿತಿ ಏರುತ್ತದೆ, ಹೆಚ್ಚಾಗಿದ್ದರೆ ಇಳಿಯುತ್ತದೆ. ಎಂದರೆ ಶ್ವೇತಕುಬ್ಜದ ಗರಿಷ್ಠ ದ್ರವ್ಯರಾಶಿಯು ಗುರುತ್ವ ನಿಯಮವನ್ನು ತೂಗುವ ತಕ್ಕಡಿಯಾಗಬಲ್ಲದು.

ನಿಯಮವನ್ನು ಏಕೆ ತಿದ್ದಬೇಕು?

ಲೆಕ್ಕಕ್ಕೂ ಆಕಾಶಕ್ಕೂ ಹೊಂದಿಕೆಯಾಗದಿದ್ದಾಗ ಎರಡು ದಾರಿಗಳಿವೆ. ಒಂದು, ಕಾಣದ ದ್ರವ್ಯವಿದೆಯೆಂದು ಊಹಿಸುವುದು. ಇನ್ನೊಂದು, ನಿಯಮವನ್ನೇ ತಿದ್ದುವುದು. ಯುರೇನಸ್ ಗ್ರಹವು ಲೆಕ್ಕದ ದಾರಿಯನ್ನು ಬಿಟ್ಟು ಸರಿದಾಗ ಲೆವೆರ್ರಿಯೆ ಮೊದಲನೆಯ ದಾರಿಯನ್ನು ಹಿಡಿದರು. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ಕಕ್ಷೆಯು ಶತಮಾನಕ್ಕೆ 43 ವಿಕಲೆಯಷ್ಟು ಹೆಚ್ಚಾಗಿ ತಿರುಗುವುದು ಕಂಡಾಗಲೂ ಅವರು ಅದೇ ದಾರಿಯನ್ನು ಹಿಡಿದು ಸೂರ್ಯನ ಬಳಿ ಇನ್ನೊಂದು ಗ್ರಹವಿರಬೇಕೆಂದರು. ಆ ಗ್ರಹ ಸಿಕ್ಕಲೇ ಇಲ್ಲ. 1915ರಲ್ಲಿ ಐನ್‌ಸ್ಟೈನರು ನ್ಯೂಟನ್ನರ ನಿಯಮವನ್ನು ತಿದ್ದಿದಾಗ ಆ 43 ವಿಕಲೆಗಳು ತಾವಾಗಿಯೇ ಲೆಕ್ಕಕ್ಕೆ ಬಂದುವು. ಯಾವ ದಾರಿ ಸರಿಯೆಂಬುದನ್ನು ಮೊದಲೇ ಹೇಳಲು ಬರುವುದಿಲ್ಲ, ಅವಲೋಕನವೇ ನಿರ್ಣಯಿಸಬೇಕು.

ಇಂದೂ ಅದೇ ಕವಲುದಾರಿಯಲ್ಲಿ ನಾವು ನಿಂತಿದ್ದೇವೆ. ಗೆಲಕ್ಸಿಗಳ ಹೊರ ಅಂಚಿನ ನಕ್ಷತ್ರಗಳು ನಿರೀಕ್ಷೆಗಿಂತ ವೇಗವಾಗಿ ಸುತ್ತುತ್ತಿವೆ. ವಿಶ್ವದ ಹಿಗ್ಗುವಿಕೆ ದಿನೇದಿನೇ ತೀವ್ರವಾಗುತ್ತಿದೆಯೆಂಬುದು 1998ರಲ್ಲಿ ಬೆಳಕಿಗೆ ಬಂದಿತು. ಹೆಚ್ಚಿನ ವಿಜ್ಞಾನಿಗಳು ಕಾಣದ ದ್ರವ್ಯವನ್ನೂ ಕಾಣದ ಶಕ್ತಿಯನ್ನೂ ಒಪ್ಪುತ್ತಾರೆ. ಕೆಲವರು ಐನ್‌ಸ್ಟೈನರ ನಿಯಮಕ್ಕೇ ತಿದ್ದುಪಡಿ ಬೇಕಾದೀತೆಂದು ಶೋಧಿಸುತ್ತಾರೆ. 1961ರಲ್ಲಿ ಬ್ರಾನ್ಸ್ ಮತ್ತು ಡಿಕಿ ಎಂಬವರು ಗುರುತ್ವದ ಬಲವು ಎಲ್ಲೆಡೆಯೂ ಒಂದೇ ಆಗಿರದೆ ಒಂದು ಕ್ಷೇತ್ರಕ್ಕೆ ಅನುಸಾರವಾಗಿ ಬದಲಾಗುವಂಥ ಸಿದ್ಧಾಂತವನ್ನು ಮಂಡಿಸಿದರು. 1980ರಲ್ಲಿ ರಷ್ಯದ ಸ್ಟಾರೊಬಿನ್ಸ್ಕಿಯವರು ವಿಶ್ವದ ಆದಿಕಾಲವನ್ನು ವಿವರಿಸಲು ಬೇರೊಂದು ಬಗೆಯ ತಿದ್ದುಪಡಿಯನ್ನು ಸೂಚಿಸಿದರು.

ಸ್ಟಾರೊಬಿನ್ಸ್ಕಿಯವರ ತಿದ್ದುಪಡಿ ಅರ್ಥವಾಗದಂಥದೇನಲ್ಲ. ಐನ್‌ಸ್ಟೈನರ ಸಿದ್ಧಾಂತದಲ್ಲಿ ಗುರುತ್ವವೆಂದರೆ ದೇಶ-ಕಾಲದ ವಕ್ರತೆ. ಆ ಸಿದ್ಧಾಂತದ ಮೂಲಸೂತ್ರದಲ್ಲಿ ವಕ್ರತೆಯು ಒಂದನೆಯ ಘಾತದಲ್ಲಿ ಮಾತ್ರ ಬರುತ್ತದೆ. ಅದರ ಪಕ್ಕದಲ್ಲಿ ವಕ್ರತೆಯ ವರ್ಗವನ್ನು ಒಂದು ಗುಣಾಂಕದಿಂದ ಗುಣಿಸಿ ಕೂಡಿಸಿದರೆ ಸ್ಟಾರೊಬಿನ್ಸ್ಕಿಯವರ ಸೂತ್ರವಾಯಿತು. ಇದರ ಗುಣವೇನು? ಒಂದು ಸಣ್ಣ ಸಂಖ್ಯೆಯ ವರ್ಗ ಇನ್ನೂ ಸಣ್ಣದು. ವಕ್ರತೆ ಅಲ್ಪವಾಗಿರುವ ಕಡೆ ಹೊಸ ಪದವು ಗಣನೆಗೆ ಬಾರದು. ವಕ್ರತೆ ಅಪಾರವಾಗಿರುವ ಕಡೆ ಅದು ತಲೆಯೆತ್ತುವುದು. ದ್ರವ್ಯದ ಒಳಗೆ ಈ ವಕ್ರತೆಯು ಸಾಂದ್ರತೆಯನ್ನು ಅನುಸರಿಸುತ್ತದೆ. ಭೂಮಿಯ ಸರಾಸರಿ ಸಾಂದ್ರತೆ ನೀರಿನ ಐದೂವರೆಯಷ್ಟು ಮಾತ್ರ. ಭಾರವಾದ ಶ್ವೇತಕುಬ್ಜದ ನಡುವೆ ಅದು ನೀರಿನ ನೂರು ಕೋಟಿಯಷ್ಟಕ್ಕೂ ಏರಬಲ್ಲದು. ಹೊಸ ಪದದ ಸುಳಿವು ಸಿಕ್ಕುವುದಾದರೆ ಅಂಥ ಕಾಯಗಳಲ್ಲಿಯೇ ಸಿಕ್ಕಬೇಕು.

ಹೊಸ ಪದದ ಪರಿಣಾಮವನ್ನು ದುರ್ಬಲ ಗುರುತ್ವದಲ್ಲಿ ಹೀಗೆ ಹೇಳಬಹುದು: ಗುಣಾಂಕವು ಧನಾತ್ಮಕವಾಗಿದ್ದರೆ, ನ್ಯೂಟನ್ನರ ಸೆಳೆತದ ಜೊತೆಗೆ ಅದರ ಮೂರನೆಯ ಒಂದು ಪಾಲಿನಷ್ಟು ಇನ್ನೊಂದು ಸೆಳೆತ ಸೇರುತ್ತದೆ. ಆದರೆ ಈ ಹೆಚ್ಚಿನ ಸೆಳೆತಕ್ಕೆ ಒಂದು ವ್ಯಾಪ್ತಿಯುಂಟು. ಆ ದೂರವನ್ನು ಮೀರಿದರೆ ಅದು ಬೇಗನೆ ಬತ್ತಿಹೋಗುತ್ತದೆ. ನಕ್ಷತ್ರವು ಆ ವ್ಯಾಪ್ತಿಯೊಳಗೆ ಪೂರ್ತಿಯಾಗಿ ಅಡಗಿದ್ದರೆ ಅದರ ಮಟ್ಟಿಗೆ ಗುರುತ್ವವು ಮೂರಕ್ಕೆ ನಾಲ್ಕರಷ್ಟಾದಂತೆ. ನಮ್ಮ ಸೂತ್ರಕ್ಕೆ ಇದನ್ನು ಹಾಕಿದರೆ 1.4ರ ಮಿತಿಯು ಸುಮಾರು 0.9ಕ್ಕೆ ಇಳಿಯುತ್ತದೆ.

ಬೆಂಗಳೂರಿನ ಲೆಕ್ಕ

ಈಗ ಸೂಪರ್‌ನೋವಾಗಳ ಕಡೆಗೆ ತಿರುಗೋಣ. ಶ್ವೇತಕುಬ್ಜವೊಂದು ನೆರೆಯ ನಕ್ಷತ್ರದಿಂದ ದ್ರವ್ಯವನ್ನು ಸೆಳೆದುಕೊಳ್ಳುತ್ತ ಚಂದ್ರಶೇಖರರ ಮಿತಿಯನ್ನು ಸಮೀಪಿಸಿದಾಗ ಅದರೊಳಗಿನ ಇಂಗಾಲವು ಒಮ್ಮೆಲೇ ಹೊತ್ತಿ ನಕ್ಷತ್ರವೇ ಸಿಡಿದುಹೋಗುತ್ತದೆ. ಇದನ್ನು ಒನ್-ಎ ಜಾತಿಯ ಸೂಪರ್‌ನೋವಾ ಎನ್ನುವರು. ಸಿಡಿಯುವಾಗ ಎಲ್ಲದರ ದ್ರವ್ಯರಾಶಿಯೂ ಹೆಚ್ಚುಕಡಿಮೆ ಒಂದೇ ಎಂದಾದರೆ ಎಲ್ಲದರ ಬೆಳಕೂ ಹೆಚ್ಚುಕಡಿಮೆ ಒಂದೇ ಆಗಬೇಕು. ಒಂದೇ ಬಗೆಯ ದೀಪಗಳು ಮಂಕಾಗಿ ಕಂಡಷ್ಟೂ ದೂರವೆಂದು ತಿಳಿಯುವಂತೆ, ಇವುಗಳಿಂದ ವಿಶ್ವದ ದೂರಗಳನ್ನು ಅಳೆಯುತ್ತಾರೆ. 1998ರ ಶೋಧಕ್ಕೆ ಆಧಾರವಾದುವು ಈ ದೀಪಗಳೇ.

ಆದರೆ ಎಲ್ಲ ದೀಪಗಳೂ ಒಂದೇ ಸಮನಲ್ಲ. 1991ರಲ್ಲಿ ಕಂಡ ಒಂದು ಸೂಪರ್‌ನೋವಾ ತೀರ ಮಂಕಾಗಿತ್ತು. ಆ ಬಗೆಯವು ಮತ್ತೆ ಹಲವು ಕಂಡುವು. 2003ರಲ್ಲಿ ಕಂಡ ಇನ್ನೊಂದು ಅತಿಯಾಗಿ ಪ್ರಕಾಶಿಸಿತು. ಅಷ್ಟು ಬೆಳಕನ್ನು ಕೊಡಬೇಕಾದರೆ ಸಿಡಿದ ಶ್ವೇತಕುಬ್ಜವು ಸೂರ್ಯನ 2.1ರಷ್ಟಾದರೂ ಇದ್ದಿರಬೇಕೆಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತರ್ಕಿಸಿತು. 1.4ರ ಮಿತಿಯನ್ನು ದಾಟಿ ಅದು ಹೇಗೆ ನಿಂತಿತು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬನಿಬ್ರತ ಮುಖೋಪಾಧ್ಯಾಯರೂ ಅವರ ವಿದ್ಯಾರ್ಥಿನಿ ಉಪಾಸನಾ ದಾಸರೂ ಈ ಒಗಟನ್ನು ಎರಡು ಕಡೆಯಿಂದ ಬಿಡಿಸಲು ಹೊರಟರು. ಮೊದಲು 2013ರಲ್ಲಿ, ಶ್ವೇತಕುಬ್ಜದೊಳಗೆ ಅತಿ ಪ್ರಬಲವಾದ ಕಾಂತಕ್ಷೇತ್ರವಿದ್ದರೆ ಮಿತಿಯು ಸೂರ್ಯನ 2.58ರಷ್ಟಕ್ಕೆ ಏರಬಹುದೆಂದು ಲೆಕ್ಕಹಾಕಿದರು. ಕಾಂತಕ್ಷೇತ್ರವು ಪ್ರಕಾಶಮಾನವಾದವುಗಳನ್ನು ವಿವರಿಸಿತೆನ್ನೋಣ; ಮಂಕಾದವುಗಳ ಗತಿಯೇನು? ಅದಕ್ಕಾಗಿ 2015ರಲ್ಲಿ ಅವರು ಗುರುತ್ವ ನಿಯಮವನ್ನೇ ಹಿಡಿದು ನೋಡಿದರು. ವಕ್ರತೆಯ ವರ್ಗದ ಪದವನ್ನು ಸೇರಿಸಿ ಶ್ವೇತಕುಬ್ಜದ ಸಮತೋಲದ ಸಮೀಕರಣಗಳನ್ನು ಬಿಡಿಸಿದಾಗ, ಒಂದೇ ಗುಣಾಂಕದ ಬೆಲೆಯನ್ನು ಬದಲಿಸಿದ ಮಾತ್ರಕ್ಕೆ ಮಿತಿಯು 1.4ಕ್ಕಿಂತ ಬಹಳ ಕೆಳಗೂ ಬರಬಹುದು, ಬಹಳ ಮೇಲೂ ಹೋಗಬಹುದು ಎಂದು ಕಂಡಿತು. ಮಂಕು ದೀಪಕ್ಕೂ ಪ್ರಖರ ದೀಪಕ್ಕೂ ಒಂದೇ ಕಾರಣವಿರಬಹುದೆಂಬುದು ಅವರ ಸೂಚನೆ.

ಆದರೆ ಪ್ರಕೃತಿಯ ಗುಣಾಂಕವು ನಕ್ಷತ್ರದಿಂದ ನಕ್ಷತ್ರಕ್ಕೆ ಬೇರೆಬೇರೆಯಾಗುವುದು ಯುಕ್ತವಲ್ಲ. ಈ ಆಕ್ಷೇಪವನ್ನು ನಿವಾರಿಸುವಂತೆ 2018ರಲ್ಲಿ ಮುಖೋಪಾಧ್ಯಾಯರು ಸುರಜಿತ್ ಕಲಿತಾರೊಡನೆ ಇನ್ನೊಂದು ಲೇಖನವನ್ನು ಪ್ರಕಟಿಸಿದರು. ವಕ್ರತೆಯ ಇನ್ನೂ ಮೇಲಿನ ಘಾತಗಳನ್ನು ಸೇರಿಸಿಕೊಂಡರೆ ಗುಣಾಂಕಗಳನ್ನು ಬದಲಿಸದೆಯೇ, ನಕ್ಷತ್ರದ ನಡುವಣ ಸಾಂದ್ರತೆಯೊಂದರ ವ್ಯತ್ಯಾಸದಿಂದಲೇ ಎರಡು ಬಗೆಯ ಮಿತಿಗಳೂ ಬರುತ್ತವೆಂದು ಅವರು ತೋರಿಸಿದರು.

ಇದರ ಪರಿಮಾಣವನ್ನು ನಮ್ಮ ಒರಟು ಸೂತ್ರದಿಂದ ಅಂದಾಜುಮಾಡೋಣ. ಮಿತಿಯು 1.4ರಿಂದ 2.8ಕ್ಕೆ, ಎಂದರೆ ಎರಡರಷ್ಟಕ್ಕೆ ಏರಬೇಕಾದರೆ ಗುರುತ್ವವು ಎಷ್ಟು ಇಳಿಯಬೇಕು? ಎರಡರ ಮೂರನೆಯ ಎರಡು ಘಾತ ಸುಮಾರು 1.59, ಅದರ ವಿಲೋಮ 0.63. ನಕ್ಷತ್ರದೊಳಗೆ ಸೆಳೆತವು ನೂರಕ್ಕೆ 37ರಷ್ಟು ತಗ್ಗಬೇಕಾಯಿತು. ನಿಜವಾದ ಸಮೀಕರಣಗಳು ಗುರುತ್ವ ಸ್ಥಿರಾಂಕವನ್ನು ಬರಿದೆ ತಗ್ಗಿಸುವಷ್ಟು ಸರಳವಲ್ಲ. ಆದರೂ ತಿದ್ದುಪಡಿ ಚಿಕ್ಕದಲ್ಲವೆಂಬುದು ಇದರಿಂದ ತಿಳಿಯುತ್ತದೆ. ದೊಡ್ಡ ಮಾತಿಗೆ ದೊಡ್ಡ ಸಾಕ್ಷಿ ಬೇಕು.

ಸಾಕ್ಷಿಗಳ ವಿಚಾರಣೆ

ವಿರುದ್ಧ ಪಕ್ಷದ ವಾದವನ್ನೂ ಕೇಳಬೇಕು. ಮೊದಲನೆಯದು, ಸೂರ್ಯನ ಎರಡರಷ್ಟು ತೂಗುವ ಶ್ವೇತಕುಬ್ಜವನ್ನು ಯಾರೂ ನೇರವಾಗಿ ಕಂಡಿಲ್ಲ. ಸಿಡಿತದ ಬೆಳಕಿನಿಂದ ಊಹಿಸಲಾಗಿದೆಯಷ್ಟೆ. 2021ರಲ್ಲಿ ವರದಿಯಾದ ಅತಿ ಭಾರದ ಶ್ವೇತಕುಬ್ಜಗಳಲ್ಲೊಂದು ಸೂರ್ಯನ ಸುಮಾರು 1.35ರಷ್ಟಿದೆ, ಗಾತ್ರದಲ್ಲಿ ಚಂದ್ರನಿಗಿಂತ ಸ್ವಲ್ಪವೇ ದೊಡ್ಡದು. ಅದು ಹಳೆಯ ಮಿತಿಯ ಒಳಗೇ ಇದೆ. ಎರಡು ಶ್ವೇತಕುಬ್ಜಗಳು ಕೂಡಿ ಸಿಡಿದರೂ ಬೆಳಕು ಹೆಚ್ಚಾಗಬಹುದು. ಅತಿ ವೇಗದ ಭ್ರಮಣೆಯೂ ಕಾರಣವಾಗಬಹುದು.

ಎರಡನೆಯದು, ಭೂಮಿಯ ಮೇಲಿನ ಪ್ರಯೋಗಗಳು. ತಿರುಚು ತಕ್ಕಡಿಗಳಿಂದ ನ್ಯೂಟನ್ನರ ವಿಲೋಮವರ್ಗ ನಿಯಮವನ್ನು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ದೂರದವರೆಗೆ ಪರೀಕ್ಷಿಸಿದ್ದಾರೆ. ಹೆಚ್ಚಿನ ಸೆಳೆತ ಯಾವುದೂ ಕಂಡಿಲ್ಲ. ನಕ್ಷತ್ರದಲ್ಲಿ ಪರಿಣಾಮ ಬೀರುವಷ್ಟು ದೊಡ್ಡ ಗುಣಾಂಕವು ಪ್ರಯೋಗಶಾಲೆಯಲ್ಲಿ ಏಕೆ ಕಾಣಿಸದು? ಸುತ್ತಣ ಸಾಂದ್ರತೆಗೆ ತಕ್ಕಂತೆ ಹೊಸ ಸೆಳೆತದ ವ್ಯಾಪ್ತಿಯೇ ಬದಲಾಗುತ್ತದೆಂದು ಕೆಲವರು ಉತ್ತರಿಸುತ್ತಾರೆ. 2004ರಲ್ಲಿ ಖೂರಿ ಮತ್ತು ವೆಲ್ಟ್‌ಮನ್ ಎಂಬವರು ಇಂಥ ಕ್ಷೇತ್ರಕ್ಕೆ ಬಣ್ಣ ಬದಲಿಸುವ ಗೋಸುಂಬೆಯ ಹೆಸರನ್ನೇ ಇಟ್ಟರು. ಇದು ಸಾಧ್ಯವಾದ ಉತ್ತರವೇ ಹೊರತು ಸಿದ್ಧವಾದ ಉತ್ತರವಲ್ಲ. ಗುಣಾಂಕದ ಚಿಹ್ನೆಯನ್ನು ತಿರುಗಿಸಿ ಸೆಳೆತವನ್ನು ದುರ್ಬಲಗೊಳಿಸಿದರೆ ಸಿದ್ಧಾಂತದ ಸ್ಥಿರತೆಯ ಬಗ್ಗೆಯೂ ಪ್ರಶ್ನೆಗಳು ಏಳುತ್ತವೆ.

ಮೂರನೆಯದು, ಆಕಾಶದ ಒಂದು ಓಟದ ಪಂದ್ಯ. 2017ರ ಆಗಸ್ಟ್ 17ರಂದು, ಸುಮಾರು 13 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿಕೊಂಡುದರ ಗುರುತ್ವ ತರಂಗಗಳು ಭೂಮಿಯನ್ನು ಮುಟ್ಟಿದುವು. 1.7 ಸೆಕೆಂಡುಗಳ ಅನಂತರ ಗಾಮಾ ಕಿರಣಗಳು ಬಂದುವು. ಹದಿಮೂರು ಕೋಟಿ ವರ್ಷಗಳ ಓಟದಲ್ಲಿ ಎರಡು ಸೆಕೆಂಡಿಗೂ ಕಡಿಮೆ ಅಂತರ! ಗುರುತ್ವ ತರಂಗವೂ ಬೆಳಕೂ ಒಂದೇ ವೇಗದಲ್ಲಿ ಸಾಗುತ್ತವೆಂಬುದು ಇದರಿಂದ ಸ್ಥಿರವಾಯಿತು. ಬೇರೆ ವೇಗವನ್ನು ಹೇಳುತ್ತಿದ್ದ ಎಷ್ಟೋ ಪರಿಷ್ಕೃತ ಸಿದ್ಧಾಂತಗಳು ಆ ಒಂದೇ ದಿನದ ಅವಲೋಕನದಿಂದ ಬಿದ್ದುಹೋದುವು. ವಕ್ರತೆಯ ವರ್ಗದ ಸಿದ್ಧಾಂತವೂ ಬ್ರಾನ್ಸ್–ಡಿಕಿ ಸಿದ್ಧಾಂತವೂ ಈ ಪರೀಕ್ಷೆಯಲ್ಲಿ ಉಳಿದುಕೊಂಡುವು. ಅವುಗಳಲ್ಲಿ ತರಂಗದ ವೇಗ ಬೆಳಕಿನ ವೇಗವೇ.

ನ್ಯೂಟ್ರಾನ್ ನಕ್ಷತ್ರಗಳಲ್ಲಿ ಗುರುತ್ವ ಇನ್ನೂ ಪ್ರಬಲವಾಗಿರುವಾಗ ಶ್ವೇತಕುಬ್ಜಗಳನ್ನೇಕೆ ಆರಿಸಬೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಶ್ನೆ ಸರಿಯಾದುದೇ. 2019ರ ಆಗಸ್ಟ್ 14ರಂದು ಬಂದ ಗುರುತ್ವ ತರಂಗದಲ್ಲಿ ಸೂರ್ಯನ 2.6ರಷ್ಟು ತೂಗುವ ಒಂದು ಕಾಯದ ಸುಳಿವು ಸಿಕ್ಕಿತು. ಅದು ಅತಿ ಭಾರದ ನ್ಯೂಟ್ರಾನ್ ನಕ್ಷತ್ರವೋ ಅತಿ ಹಗುರವಾದ ಕಪ್ಪುಕುಳಿಯೋ ಎಂಬುದು ನಿಶ್ಚಯವಾಗಿಲ್ಲ. ಪರಿಷ್ಕೃತ ಗುರುತ್ವದಲ್ಲಿ ಅದು ನ್ಯೂಟ್ರಾನ್ ನಕ್ಷತ್ರವಾಗಿರಬಲ್ಲದೆಂದು ಕೆಲವರು ಲೆಕ್ಕಹಾಕಿದ್ದಾರೆ. ಆದರೆ ಅಷ್ಟು ಒತ್ತಡದಲ್ಲಿ ನ್ಯೂಟ್ರಾನ್ ದ್ರವ್ಯ ಹೇಗೆ ನಡೆದುಕೊಳ್ಳುತ್ತದೆಂಬುದೇ ನಮಗೆ ಪೂರ್ತಿ ತಿಳಿಯದು. ತಕ್ಕಡಿಯೂ ಸಂದೇಹ, ಬಟ್ಟೂ ಸಂದೇಹ ಎಂದಾದರೆ ತೂಕ ಹೇಳುವವರಾರು? ಶ್ವೇತಕುಬ್ಜದ ಎಲೆಕ್ಟ್ರಾನುಗಳ ನಡತೆ ನಮಗೆ ಚೆನ್ನಾಗಿ ಗೊತ್ತು. ಬಟ್ಟು ನಂಬಿಗಸ್ತವಾಗಿರುವುದರಿಂದ ತಕ್ಕಡಿಯನ್ನು ಪರೀಕ್ಷಿಸಬಹುದು. ಬೆಂಗಳೂರಿನ ಲೆಕ್ಕದ ಬೆಲೆ ಇರುವುದು ಇಲ್ಲಿಯೇ.

ಗಂಟೆಯ ನಾದ

ಬದ್ಧ ಕಾಯವನ್ನು ತೂಗುವುದಷ್ಟೇ ಅಲ್ಲ, ಬಾರಿಸಿ ಕೇಳಲೂ ಬರುತ್ತದೆ. ದೇವಾಲಯದ ಗಂಟೆಯನ್ನು ಬಾರಿಸಿದರೆ ನಾದವು ಒಂದು ಶ್ರುತಿಯಲ್ಲಿ ಎದ್ದು ಕ್ರಮವಾಗಿ ಅಡಗುತ್ತದೆ. ಕಂಚಿನದೋ ಹಿತ್ತಾಳೆಯದೋ, ದೊಡ್ಡದೋ ಸಣ್ಣದೋ ಎಂಬುದನ್ನು ನಾದದಿಂದಲೇ ಹೇಳಬಹುದು. ಕಪ್ಪುಕುಳಿಯನ್ನು ಕದಲಿಸಿದರೂ ಹೀಗೆಯೇ ಗುರುತ್ವ ತರಂಗಗಳು ಎದ್ದು ಅಡಗುತ್ತವೆಂದು 1970ರಲ್ಲಿ ಲೆಕ್ಕಮಾಡಿ ತೋರಿಸಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರರು. ಮುಂದೆ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದರು. 2015ರ ಸೆಪ್ಟೆಂಬರ್ 14ರಂದು ಲೈಗೋ ಉಪಕರಣಗಳಿಗೆ ಮೊದಲ ಗುರುತ್ವ ತರಂಗ ಸಿಕ್ಕಿತು. 2016ರ ಫೆಬ್ರವರಿಯಲ್ಲಿ ಅದನ್ನು ಜಗತ್ತಿಗೆ ಸಾರಲಾಯಿತು. 2017ರ ಜನವರಿಯಲ್ಲಿ ತೀರಿಕೊಂಡ ವಿಶ್ವೇಶ್ವರರು ಆ ಸುದ್ದಿಯನ್ನು ಕೇಳಿಯೇ ಹೋದರು. ಸಂಯೋಗಕ್ಕೆ ಮೊದಲಿನ ತರಂಗವೂ ಕೊನೆಯ ನಾದವೂ ಐನ್‌ಸ್ಟೈನರ ನಿಯಮದಂತೆ ಒಂದಕ್ಕೊಂದು ಹೊಂದುತ್ತವೆಯೇ ಎಂದು ಒರೆಹಚ್ಚುವ ಕೆಲಸದಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದವರೂ ಪಾಲುಗೊಂಡಿದ್ದಾರೆ. ಇದುವರೆಗೆ ಹೊಂದಿಕೆ ತಪ್ಪಿಲ್ಲ.

ಇನ್ನೂ ವಿಚಿತ್ರವಾದ ಬದ್ಧ ಕಾಯಗಳನ್ನು ಸಿದ್ಧಾಂತಿಗಳು ಕಲ್ಪಿಸಿದ್ದಾರೆ. ಬರಿಯ ತರಂಗಗಳ ಶಕ್ತಿಯೇ ತನ್ನ ಗುರುತ್ವದಿಂದ ಮುದ್ದೆಕಟ್ಟಿ ನಿಲ್ಲಬಹುದೆ ಎಂದು ವೀಲರರು 1955ರಲ್ಲಿ ಕೇಳಿದರು. ಪೌಲಿಯ ನಿಯಮಕ್ಕೆ ಒಳಪಡದ ಬೋಸಾನ್ ಕಣಗಳಿಂದಾದ ನಕ್ಷತ್ರದ ಲೆಕ್ಕವನ್ನು ಕಾಪ್ ಎಂಬವರು 1968ರಲ್ಲಿ ಮಾಡಿದರು. ಇಂಥವು ಆಕಾಶದಲ್ಲಿ ಇದುವರೆಗೆ ಕಂಡಿಲ್ಲ. ಇದ್ದರೆ ಅವುಗಳ ನಾದ ಕಪ್ಪುಕುಳಿಯ ನಾದಕ್ಕಿಂತ ಬೇರೆಯಾಗಿರುವುದು.

ಆ ನಾದವನ್ನು ಕೇಳುವ ಕಿವಿಯೊಂದು ನಮ್ಮ ನೆರೆಯಲ್ಲಿಯೇ ಬರಲಿದೆ. ಬಸವಕಲ್ಯಾಣದಿಂದ ಉತ್ತರಕ್ಕೆ ಇನ್ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ ಲೈಗೋ-ಇಂಡಿಯಾ ವೀಕ್ಷಣಾಲಯಕ್ಕೆ ಸ್ಥಳವನ್ನು ಆರಿಸಲಾಗಿದೆ. 1956ರ ವರೆಗೆ ಆ ಪ್ರದೇಶವೂ ಬೀದರವೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದುವು. 2023ರ ಏಪ್ರಿಲಿನಲ್ಲಿ ಕೇಂದ್ರ ಸಚಿವ ಸಂಪುಟವು ಈ ಯೋಜನೆಗೆ ಸುಮಾರು 2,600 ಕೋಟಿ ರೂಪಾಯಿಗಳನ್ನು ಒಪ್ಪಿತು. ಒಂದಕ್ಕೊಂದು ಲಂಬವಾದ ನಾಲ್ಕು ನಾಲ್ಕು ಕಿಲೋಮೀಟರುಗಳ ಎರಡು ತೋಳುಗಳು, ತುದಿಗಳಲ್ಲಿ ಕನ್ನಡಿಗಳು, ಪ್ರೋಟಾನಿನ ವ್ಯಾಸಕ್ಕಿಂತಲೂ ಬಹಳ ಕಡಿಮೆಯಾದ ಕದಲಿಕೆಯನ್ನು ಬೆಳಕಿನಿಂದ ಅಳೆಯುವ ಏರ್ಪಾಡು. ಜಗತ್ತಿನ ಇತರ ವೀಕ್ಷಣಾಲಯಗಳೊಡನೆ ಇದು ಸೇರಿದಾಗ ತರಂಗ ಬಂದ ದಿಕ್ಕನ್ನು ಇನ್ನೂ ಖಚಿತವಾಗಿ ಗುರುತಿಸಲಾಗುವುದು.

ಪಣಕ್ಕಿಟ್ಟಿರುವುದೇನೆಂಬುದನ್ನು ಕೊನೆಗೊಮ್ಮೆ ನೆನೆಯೋಣ. ಚಂದ್ರಶೇಖರರ ಮಿತಿ ಎಲ್ಲೆಡೆಯೂ ಒಂದೇ ಆಗಿರದಿದ್ದರೆ ನಮ್ಮ ಸೂಪರ್‌ನೋವಾ ದೀಪಗಳು ಒಂದೇ ಬೆಳಕಿನವಲ್ಲ. ಅವುಗಳಿಂದ ಅಳೆದ ದೂರಗಳನ್ನು ಮತ್ತೆ ತಾಳೆನೋಡಬೇಕಾಗುವುದು. ಅದು ಒಂದೇ ಆಗಿದ್ದರೆ ಐನ್‌ಸ್ಟೈನರ ನಿಯಮವು ಇನ್ನೊಂದು ಮೆಟ್ಟಿಲನ್ನು ಏರಿದಂತೆ. ಎರಡರಲ್ಲಿ ಯಾವುದಾದರೂ ಲಾಭವೇ. ಎಡಿಂಗ್ಟನ್‌ರ ಹಿರಿತನಕ್ಕೆ ಅಂಜದೆ ಚಂದ್ರಶೇಖರರು ಲೆಕ್ಕವನ್ನು ನಂಬಿದರು. ಇಂದು ಚಂದ್ರಶೇಖರರ ಮಿತಿಯನ್ನೇ ಅವರ ದೇಶದವರು ಒರೆಗೆ ಹಚ್ಚುತ್ತಿದ್ದಾರೆ. ವಿಜ್ಞಾನದಲ್ಲಿ ಗುರುವಿಗೆ ಸಲ್ಲುವ ಗೌರವವೆಂದರೆ ಇದೇ.

ಮಾಡಿ ನೋಡಿರಿ

1. ಗುರುತ್ವವು ನೂರಕ್ಕೆ ಹತ್ತರಷ್ಟು ಕಡಿಮೆಯಾಗಿದ್ದರೆ ಶ್ವೇತಕುಬ್ಜದ ಮಿತಿ 1.4ರಿಂದ ಎಷ್ಟಕ್ಕೆ ಏರುವುದು?

2. ಹದಿಮೂರು ಕೋಟಿ ವರ್ಷಗಳಲ್ಲಿ ಎಷ್ಟು ಸೆಕೆಂಡುಗಳಿವೆ? ಅದರಲ್ಲಿ 1.7 ಸೆಕೆಂಡು ಎಷ್ಟನೆಯ ಒಂದು ಪಾಲು?

ಉತ್ತರಗಳು: 1. ಸೂರ್ಯನ ಸುಮಾರು 1.64ರಷ್ಟಕ್ಕೆ. 2. ಸುಮಾರು 4.1 × 10¹⁵ ಸೆಕೆಂಡುಗಳು, ಹೆಚ್ಚುಕಡಿಮೆ 2.4 × 10¹⁵ನೆಯ ಒಂದು ಪಾಲು.